ಮ್ಯಾಕ್ ತೊರೆದ ಕೌಂಟರ್-ಸ್ಟ್ರೈಕ್: ಒಂದು ಪ್ರಕರಣ ಅಧ್ಯಯನ

2023ರ ಸೆಪ್ಟೆಂಬರ್ 27ರಂದು ಅಮೆರಿಕದ ಆಟ ತಯಾರಕ ವಾಲ್ವ್ ಕಂಪನಿಯು ಕೌಂಟರ್-ಸ್ಟ್ರೈಕ್ 2 ಎಂಬ ಬಂದೂಕು ಕಾಳಗದ ಆನ್‌ಲೈನ್ ಆಟವನ್ನು ಬಿಡುಗಡೆ ಮಾಡಿತು. ಅದು ಪ್ರತ್ಯೇಕ ಆಟವಾಗಿ, ಪ್ರತ್ಯೇಕ ಬೆಲೆಗೆ ಮಾರುಕಟ್ಟೆಗೆ ಬರಲಿಲ್ಲ. 2012ರಿಂದ ಜನ ಆಡುತ್ತ ಬಂದಿದ್ದ ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್, ಆಟಗಾರರ ಬಾಯಲ್ಲಿ ಸಿಎಸ್‌ಗೋ, ವಾಲ್ವ್‌ನ ಆನ್‌ಲೈನ್ ಆಟದಂಗಡಿಯಾದ ಸ್ಟೀಮ್‌ನ ಖಾತೆಯಲ್ಲಿ ಎಲ್ಲಿತ್ತೋ ಅಲ್ಲಿಗೇ ಅಪ್‌ಡೇಟ್ ರೂಪದಲ್ಲಿ ಬಂದು ಹಳೆಯದರ ಜಾಗವನ್ನು ಆಕ್ರಮಿಸಿತು. ವಿಂಡೋಸ್ ಮತ್ತು ಲಿನಕ್ಸ್ ಬಳಕೆದಾರರು ಡೌನ್‌ಲೋಡ್ ಮುಗಿಯುತ್ತಲೇ ಆಡತೊಡಗಿದರು. ಮ್ಯಾಕ್ ಬಳಕೆದಾರರ ಪಾಲಿಗೆ ಹಳೆಯ ಆಟದ ಅಧಿಕೃತ ಪಂದ್ಯಗಳು ನಿಂತವು, ಹೊಸ ಆಟವಂತೂ ಸಿಗಲೇ ಇಲ್ಲ. ಮರುತಿಂಗಳು ವಾಲ್ವ್ ನೀಡಿದ ವಿವರಣೆ ಚಿಕ್ಕದಾಗಿತ್ತು: ಡೈರೆಕ್ಟ್‌ಎಕ್ಸ್ 9 (ಮೈಕ್ರೋಸಾಫ್ಟ್‌ನ ಹಳೆಯ ಗ್ರಾಫಿಕ್ಸ್ ವ್ಯವಸ್ಥೆ) ಯಂತ್ರಾಂಶ, ಹಳೆಯ ಮಾದರಿಯ 32-ಬಿಟ್ ಕಾರ್ಯಾಚರಣಾ ವ್ಯವಸ್ಥೆಗಳು ಮತ್ತು ಮ್ಯಾಕ್‌ಓಎಸ್ ಈ ಮೂರಕ್ಕೂ ಇನ್ನು ಬೆಂಬಲವಿಲ್ಲ, ಈ ಮೂರನ್ನೂ ಕೂಡಿಸಿದರೂ ಸಕ್ರಿಯ ಆಟಗಾರರಲ್ಲಿ ಶೇಕಡಾ 1ಕ್ಕಿಂತ ಕಡಿಮೆ.

ದೊಡ್ಡ ಆಟಗಳು ಮ್ಯಾಕ್‌ಗೆ ಏಕೆ ಬರುವುದಿಲ್ಲ ಎಂದು ಕೇಳಿದಾಗ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಮ್ಯಾಕ್‌ನ ಗ್ರಾಫಿಕ್ಸ್ ಸಾಮರ್ಥ್ಯ ಸಾಲದು ಎಂಬುದು ಒಂದು; ಮ್ಯಾಕ್‌ನಲ್ಲಿ ಆಡುವವರೇ ಇಲ್ಲ ಎಂಬುದು ಇನ್ನೊಂದು. ಕೌಂಟರ್-ಸ್ಟ್ರೈಕ್‌ನ ಪ್ರಕರಣವನ್ನು ಆಯ್ದುಕೊಳ್ಳಲು ಕಾರಣವೇನೆಂದರೆ, ಇದು ಮ್ಯಾಕ್‌ಗೆ ಎಂದೂ ಬಾರದ ಆಟದ ಕಥೆಯಲ್ಲ. ಹನ್ನೊಂದು ವರ್ಷ ಮ್ಯಾಕ್‌ನಲ್ಲಿ ಇದ್ದು, ಆಮೇಲೆ ಹೊರಟುಹೋದ ಆಟದ ಕಥೆ. ಬಾರದಿರುವುದಕ್ಕೆ ಯಾರೂ ಕಾರಣ ಹೇಳಬೇಕಾಗಿಲ್ಲ; ಇದ್ದದ್ದನ್ನು ತೆಗೆಯುವಾಗ ಯಾರಾದರೂ ಲೆಕ್ಕ ಒಪ್ಪಿಸಲೇಬೇಕಾಗುತ್ತದೆ. ಆ ಲೆಕ್ಕವನ್ನು ಪರಿಶೀಲಿಸಿದರೆ ಮೇಲಿನ ಎರಡೂ ಉತ್ತರಗಳು ಅರ್ಧರ್ಧ ಮಾತ್ರ ನಿಜವೆಂದು ಕಾಣುತ್ತದೆ.

2010ರ ಭರವಸೆ

2010ರ ಮಾರ್ಚ್‌ನಲ್ಲಿ ವಾಲ್ವ್ ತನ್ನ ಸ್ಟೀಮ್ ಅಂಗಡಿಯನ್ನೂ ತನ್ನ ಆಟಗಳನ್ನೂ ಮ್ಯಾಕ್‌ಗೆ ತರುವುದಾಗಿ ಪ್ರಕಟಿಸಿತು. ಮ್ಯಾಕ್ ಅನ್ನು ತಾನು ಮೊದಲ ದರ್ಜೆಯ ವೇದಿಕೆಯಾಗಿ ಪರಿಗಣಿಸುವೆನೆಂದೂ, ಮುಂದಿನ ಎಲ್ಲ ಆಟಗಳು ವಿಂಡೋಸ್, ಮ್ಯಾಕ್ ಮತ್ತು ಎಕ್ಸ್‌ಬಾಕ್ಸ್ 360ರಲ್ಲಿ ಏಕಕಾಲಕ್ಕೆ ಬರುವವೆಂದೂ, ಎಮ್ಯುಲೇಶನ್ (ಒಂದು ವ್ಯವಸ್ಥೆಯನ್ನು ಇನ್ನೊಂದರಲ್ಲಿ ಅನುಕರಿಸಿ ಓಡಿಸುವುದು) ಮೊರೆಹೋಗದೆ ಮ್ಯಾಕ್‌ಗೆಂದೇ ಸಿದ್ಧಪಡಿಸಿದ ಆವೃತ್ತಿಗಳನ್ನೇ ಕೊಡುವೆನೆಂದೂ ಆಗ ಹೇಳಿತ್ತು. ಮೇ 12ರಂದು ಸ್ಟೀಮ್ ಮ್ಯಾಕ್‌ಗೆ ಬಂದಿತು. ಪೋರ್ಟಲ್ ಆಟವನ್ನು ಕೆಲವು ದಿನ ಉಚಿತವಾಗಿ ಹಂಚಲಾಯಿತು. ಜೂನ್‌ನಲ್ಲಿ ಕೌಂಟರ್-ಸ್ಟ್ರೈಕ್: ಸೋರ್ಸ್ ಕೂಡ ಬಂದಿತು. ಒಮ್ಮೆ ಕೊಂಡ ಆಟವನ್ನು ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಆಡಬಹುದೆಂಬ ವ್ಯವಸ್ಥೆ ಅಂದಿನ ಮಟ್ಟಿಗೆ ದೊಡ್ಡ ಸಂಗತಿಯೇ ಆಗಿತ್ತು, ಏಕೆಂದರೆ ಅದಕ್ಕೆ ಮುಂಚೆ ಮ್ಯಾಕ್ ಆವೃತ್ತಿ ಎಂದರೆ ವರ್ಷ ತಡವಾಗಿ, ಬೇರೆ ಕಂಪನಿಯ ಕೈಯಿಂದ, ಪೂರ್ತಿ ಬೆಲೆಗೆ ಬರುವ ಪೆಟ್ಟಿಗೆಯಾಗಿತ್ತು.

ಸಿಎಸ್‌ಗೋ 2012ರ ಆಗಸ್ಟ್ 21ರಂದು ಬಿಡುಗಡೆಯಾದಾಗ ಈ ಮಾತು ನಡೆಯಿತು. ವಿಂಡೋಸ್ ಜೊತೆಗೆ ಅದೇ ದಿನ ಮ್ಯಾಕ್ ಆವೃತ್ತಿಯೂ ಬಂದಿತು. ಲಿನಕ್ಸ್ ಬಳಕೆದಾರರು ಎರಡು ವರ್ಷ ಕಾಯಬೇಕಾಯಿತು. 2023ರಲ್ಲಿ ಲಿನಕ್ಸ್ ಉಳಿದು ಮ್ಯಾಕ್ ಹೋಯಿತು ಎಂಬುದನ್ನು ನೋಡುವಾಗ ಈ ಆರಂಭದ ಕ್ರಮವನ್ನು ಮರೆಯಬಾರದು. 2012ರಲ್ಲಿ ವಾಲ್ವ್ ಕಣ್ಣಿಗೆ ಮ್ಯಾಕ್ ಮುಂದಿತ್ತು, ಲಿನಕ್ಸ್ ಹಿಂದಿತ್ತು.

ಆಟ ಒಳಗೆ ಹೇಗೆ ಓಡುತ್ತಿತ್ತು

ಸಿಎಸ್‌ಗೋ ಬರೆದದ್ದು ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ 9ಕ್ಕೆ. ಮ್ಯಾಕ್‌ನಲ್ಲಿ ಡೈರೆಕ್ಟ್‌ಎಕ್ಸ್ ಇಲ್ಲ. ಆದ್ದರಿಂದ ವಾಲ್ವ್ ತನ್ನದೇ ಒಂದು ಪದರವನ್ನು ಬರೆದಿತ್ತು. ಟೋಜಿಎಲ್ ಎಂಬ ಅದನ್ನು 2014ರಲ್ಲಿ ಮುಕ್ತ ಆಕರವಾಗಿಯೂ ಹಂಚಿತು. ಆಟವು ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಕೊಟ್ಟ ಆದೇಶಗಳನ್ನು ಈ ಪದರವು ಓಪನ್‌ಜಿಎಲ್ ಎಂಬ ಇನ್ನೊಂದು ಗ್ರಾಫಿಕ್ಸ್ ವ್ಯವಸ್ಥೆಯ ಭಾಷೆಗೆ ತಿರುಗಿಸಿ ಮ್ಯಾಕ್‌ಗೆ ಮುಟ್ಟಿಸುತ್ತಿತ್ತು. ಇಂಟೆಲ್ ಮ್ಯಾಕ್‌ಗಳಲ್ಲಿ ಇದು ಸಾಕಷ್ಟು ಚೆನ್ನಾಗಿಯೇ ನಡೆಯಿತು. ಅದೇ ಯಂತ್ರದಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿ ಆಡಿದರೆ ಸೆಕೆಂಡಿಗೆ ತೆರೆಗೆ ಬರುವ ಚಿತ್ರಗಳು, ಅಂದರೆ ಫ್ರೇಮ್‌ಗಳು, ಇನ್ನೂ ಹೆಚ್ಚು ಬರುತ್ತಿದ್ದವು ಎಂಬುದು ಆಟಗಾರರೆಲ್ಲರಿಗೂ ಗೊತ್ತಿದ್ದ ವಿಷಯ.

2020ರ ನವೆಂಬರ್‌ನಲ್ಲಿ ಆಪಲ್‌ನ ಸ್ವಂತ ಎಂ1 ಚಿಪ್‌ನ ಮ್ಯಾಕ್‌ಗಳು ಬಂದ ಮೇಲೆ ಈ ಸರಪಳಿ ಇನ್ನೂ ಉದ್ದವಾಯಿತು. ಆಟವು ಇಂಟೆಲ್ ಪ್ರೊಸೆಸರ್‌ಗೆ ಬರೆದದ್ದಾದ್ದರಿಂದ ಆಪಲ್‌ನ ರೊಸೆಟಾ 2 ಎಂಬ ಅನುವಾದಕ ತಂತ್ರಾಂಶ ಅದರ ಆದೇಶಗಳನ್ನು ಎಆರ್‌ಎಂ ಮಾದರಿಯ ಈ ಹೊಸ ಚಿಪ್‌ಗೆ ಅರ್ಥವಾಗುವಂತೆ ಬದಲಿಸಬೇಕು. ಡೈರೆಕ್ಟ್‌ಎಕ್ಸ್ ಆದೇಶಗಳು ಟೋಜಿಎಲ್ ಮೂಲಕ ಓಪನ್‌ಜಿಎಲ್ ಆಗಬೇಕು. ಹೊಸ ಚಿಪ್‌ಗಳಲ್ಲಿ ಆಪಲ್‌ನ ಓಪನ್‌ಜಿಎಲ್ ಸ್ವತಃ ಮೆಟಲ್ ಎಂಬ ಅದರದೇ ಗ್ರಾಫಿಕ್ಸ್ ವ್ಯವಸ್ಥೆಯ ಮೇಲೆ ಕುಳಿತಿದೆ. ಎಂ1 ಯಂತ್ರದಲ್ಲಿ ಓಪನ್‌ಜಿಎಲ್ ಆವೃತ್ತಿ ಯಾವುದೆಂದು ಕೇಳುವ ಯಾವುದೇ ಸಣ್ಣ ಉಪಕರಣವನ್ನು ತೆರೆದರೂ 4.1ರ ಪಕ್ಕದಲ್ಲೇ ಮೆಟಲ್ ಎಂಬ ಹೆಸರು ಕಾಣಿಸುತ್ತದೆ. ಬೆಂಗಳೂರಿನಿಂದ ಹೊರಟ ಅರ್ಜಿಯೊಂದು ಮೂರು ಕಚೇರಿಗಳಲ್ಲಿ ಮೂರು ಭಾಷೆಗೆ ಅನುವಾದಗೊಂಡು ಬೀದರ್ ಸೇರಿದಂತೆ, ಒಂದು ಗುಂಡು ಹಾರಿದ ಚಿತ್ರವು ಮೂರು ಪದರಗಳನ್ನು ದಾಟಿ ತೆರೆಗೆ ಬರುತ್ತಿತ್ತು. ಇಷ್ಟಾದರೂ ಆಟ ಓಡುತ್ತಿತ್ತು ಎಂಬುದೇ ಯಂತ್ರಾಂಶ ದುರ್ಬಲ ಎಂಬ ವಾದಕ್ಕೆ ಮೊದಲ ಉತ್ತರ. ದುರ್ಬಲ ಚಿಪ್ ಈ ಭಾರವನ್ನೆಲ್ಲ ಹೊತ್ತು ಓಡುತ್ತಿರಲಿಲ್ಲ.

ಆದರೆ ಈ ವ್ಯವಸ್ಥೆಯ ತಳಹದಿ ಹಳೆಯದಾಗಿತ್ತು. ಕೌಂಟರ್-ಸ್ಟ್ರೈಕ್ 2 ಬರುವುದು ಸೋರ್ಸ್ 2 ಎಂಬ, ವಾಲ್ವ್ ತನ್ನ ಆಟಗಳನ್ನು ಕಟ್ಟುವ ಹೊಸ ತಂತ್ರಾಂಶ ಎಂಜಿನ್‌ನ ಮೇಲೆ. ವಿಂಡೋಸ್‌ನಲ್ಲಿ ಅದು ಡೈರೆಕ್ಟ್‌ಎಕ್ಸ್ 11ರಲ್ಲೂ ಲಿನಕ್ಸ್‌ನಲ್ಲಿ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯಲ್ಲೂ ಓಡುತ್ತದೆ. ಹೊಸ ಆಟದ ಹೊಗೆಯನ್ನೇ ಉದಾಹರಣೆಯಾಗಿ ನೋಡಬಹುದು. ಸಿಎಸ್‌ಗೋದಲ್ಲಿ ಹೊಗೆಬಾಂಬ್ ಎಸೆದರೆ ಚಪ್ಪಟೆ ಚಿತ್ರಗಳ ಒಂದು ರಾಶಿ ತೆರೆಯನ್ನು ಮುಚ್ಚುತ್ತಿತ್ತು. ಕೌಂಟರ್-ಸ್ಟ್ರೈಕ್ 2ರಲ್ಲಿ ಹೊಗೆಗೆ ಗಾತ್ರವಿದೆ, ಅದು ಬಾಗಿಲಿನ ಸಂದಿಯಲ್ಲಿ ಹರಿದು ಪಕ್ಕದ ಕೋಣೆಗೆ ಹೋಗುತ್ತದೆ, ಗುಂಡು ತೂರಿದರೆ ಕ್ಷಣಕಾಲ ಅದರಲ್ಲಿ ರಂಧ್ರವಾಗುತ್ತದೆ, ಗ್ರೆನೇಡ್ ಸಿಡಿದರೆ ಚೆದುರಿ ಮತ್ತೆ ತುಂಬಿಕೊಳ್ಳುತ್ತದೆ. ಇಂಥ ಕೆಲಸಗಳಿಗೆ ಸಾಮಾನ್ಯವಾಗಿ ಬಳಸುವ ಕಂಪ್ಯೂಟ್ ಶೇಡರ್ (ಗ್ರಾಫಿಕ್ಸ್ ಚಿಪ್‌ನಲ್ಲೇ ಸಾಮಾನ್ಯ ಲೆಕ್ಕಗಳನ್ನು ಮಾಡಿಸುವ) ಸೌಲಭ್ಯ ಓಪನ್‌ಜಿಎಲ್‌ಗೆ ಬಂದದ್ದು 4.3ನೇ ಆವೃತ್ತಿಯಲ್ಲಿ, 2012ರಲ್ಲಿ. ಆಪಲ್ ತನ್ನ ಓಪನ್‌ಜಿಎಲ್ ಅನ್ನು 2010ರ 4.1ನೇ ಆವೃತ್ತಿಯಲ್ಲೇ ನಿಲ್ಲಿಸಿ ಕೈತೊಳೆದುಕೊಂಡಿತ್ತು. ಹಳೆಯ ದಾರಿಯಲ್ಲಿ ಹೊಸ ಆಟವನ್ನು ಮ್ಯಾಕ್‌ಗೆ ತರುವುದು ಸಾಧ್ಯವೇ ಇರಲಿಲ್ಲ. ತರುವುದಾದರೆ ಹೊಸ ದಾರಿಯನ್ನೇ ಹಾಕಬೇಕಿತ್ತು.

ಆಪಲ್ ಹಿಡಿದ ದಾರಿ

ಹೊಸ ದಾರಿ ಏಕೆ ಅಷ್ಟು ದುಬಾರಿಯಾಯಿತೆಂಬುದಕ್ಕೆ ಆಪಲ್‌ನ ನಾಲ್ಕೈದು ತೀರ್ಮಾನಗಳನ್ನು ಕಾಲಕ್ರಮದಲ್ಲಿ ನೋಡಬೇಕು. 2015ರಲ್ಲಿ ಮೆಟಲ್ ಮ್ಯಾಕ್‌ಗೆ ಬಂದಿತು. 2016ರ ಫೆಬ್ರುವರಿಯಲ್ಲಿ ವಲ್ಕನ್ ಎಂಬ ಮುಕ್ತ ಮಾನಕ ಬಂದಾಗ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಅದಕ್ಕೆ ಜಾಗ ಸಿಕ್ಕಿತು. ಆಪಲ್ ಅದನ್ನು ಸೇರಿಸಿಕೊಳ್ಳಲಿಲ್ಲ. 2018ರ ಜೂನ್‌ನಲ್ಲಿ ಓಪನ್‌ಜಿಎಲ್ ಇನ್ನು ಮುಂದೆ ಬೆಳೆಯುವುದಿಲ್ಲ, ಮೆಟಲ್‌ಗೆ ಬನ್ನಿ ಎಂದು ಆಪಲ್ ಡೆವಲಪರ್‌ಗಳಿಗೆ ಹೇಳಿತು. 2019ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾದಲ್ಲಿ 32-ಬಿಟ್ ಪ್ರೋಗ್ರಾಂಗಳು ಒಂದೇ ದಿನದಲ್ಲಿ ಓಡುವುದನ್ನು ನಿಲ್ಲಿಸಿದವು. 2010ರಲ್ಲಿ ಮ್ಯಾಕ್‌ಗೆ ಬಂದಿದ್ದ ವಾಲ್ವ್‌ನ ಪೋರ್ಟಲ್, ಹಾಫ್-ಲೈಫ್ 2 ಮುಂತಾದವು ಅದರೊಂದಿಗೇ ಹೋದವು, ಮತ್ತು ವಾಲ್ವ್ ಅವನ್ನು 64-ಬಿಟ್‌ಗೆ ತಿದ್ದುವ ಗೋಜಿಗೆ ಹೋಗಲಿಲ್ಲ. ಸಿಎಸ್‌ಗೋ ಆ ವೇಳೆಗೆ 64-ಬಿಟ್ ಆಗಿದ್ದರಿಂದ ಬದುಕಿಕೊಂಡಿತು. 2020ರಲ್ಲಿ ಇಂಟೆಲ್‌ನಿಂದ ಸ್ವಂತ ಚಿಪ್‌ಗಳಿಗೆ ವಲಸೆ ಆರಂಭವಾಗಿ, 2023ರ ಜೂನ್‌ನಲ್ಲಿ ಮ್ಯಾಕ್ ಪ್ರೊ ಕೂಡ ಬದಲಾಗುವುದರೊಂದಿಗೆ ಅದು ಪೂರ್ಣಗೊಂಡಿತು. ಹೊಸ ಯಂತ್ರಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ.

ಇವುಗಳಲ್ಲಿ ಪ್ರತಿಯೊಂದಕ್ಕೂ ಆಪಲ್ ದೃಷ್ಟಿಯಿಂದ ಸಮರ್ಥನೆಯಿದೆ. ಫೋನು, ಟ್ಯಾಬ್ಲೆಟ್, ಕಂಪ್ಯೂಟರ್ ಎಲ್ಲಕ್ಕೂ ಒಂದೇ ಗ್ರಾಫಿಕ್ಸ್ ವ್ಯವಸ್ಥೆ, ಹಳೆಯ ಹೊರೆಯನ್ನು ಹೊತ್ತು ತಿರುಗದಿರುವುದು, ಬ್ಯಾಟರಿ ಬಾಳಿಕೆ ಎಲ್ಲವೂ ನಿಜವಾದ ಲಾಭಗಳೇ. ಆದರೆ ಆಟದ ಕಂಪನಿಯೊಂದರ ಕಡೆಯಿಂದ ನೋಡಿದರೆ ಪ್ರತಿ ಎರಡು-ಮೂರು ವರ್ಷಕ್ಕೊಮ್ಮೆ ಮ್ಯಾಕ್ ಆವೃತ್ತಿಗೆ ಮತ್ತೆ ಎಂಜಿನಿಯರ್‌ಗಳನ್ನು ಕೂರಿಸಬೇಕು, ಹೊಸದೇನನ್ನೂ ಕೊಡಲಿಕ್ಕಲ್ಲ, ಇದ್ದದ್ದು ಇದ್ದಂತೆ ಓಡಲಿ ಎಂಬುದಕ್ಕಾಗಿ ಮಾತ್ರ. ವಿಂಡೋಸ್‌ನಲ್ಲಿ ಇಪ್ಪತ್ತು ವರ್ಷದ ಹಿಂದಿನ ಆಟವೂ ಇಂದಿಗೂ ತೆರೆದುಕೊಳ್ಳುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬದಲಾವಣೆಯ ಖರ್ಚನ್ನು ಯಾರು ಹೊರಬೇಕೆಂಬ ವಿಷಯದಲ್ಲಿ ಎರಡು ಕಂಪನಿಗಳ ನಿಲುವು ಎಷ್ಟು ಬೇರೆ ಎಂಬುದು ತಿಳಿಯುತ್ತದೆ. ಮ್ಯಾಕ್‌ನಲ್ಲಿ ಆ ಖರ್ಚಿನ ಬಿಲ್ ಬರುವುದು ಡೆವಲಪರ್ ಹೆಸರಿಗೆ.

ತೀರ್ಮಾನ, ಅದರ ಷರತ್ತುಗಳು

ವಾಲ್ವ್ 2023ರ ಮಾರ್ಚ್ 22ರಂದು ಕೌಂಟರ್-ಸ್ಟ್ರೈಕ್ 2ನ್ನು ಪ್ರಕಟಿಸಿ ಸೀಮಿತ ಪರೀಕ್ಷೆಯನ್ನು ಆರಂಭಿಸಿತು. ಮ್ಯಾಕ್ ಬಗೆಗಿನ ಅಧಿಕೃತ ವಿವರಣೆ ಬಂದದ್ದು ಬಿಡುಗಡೆಯ ನಂತರ, ಅಕ್ಟೋಬರ್‌ನಲ್ಲಿ. ಮಧ್ಯದ ಆರು ತಿಂಗಳು ಮ್ಯಾಕ್ ಆಟಗಾರರು ಆಟಕ್ಕೆ ಹಣ ಹಾಕುತ್ತಲೇ ಇದ್ದರು. ಸಿಎಸ್‌ಗೋ 2018ರ ಡಿಸೆಂಬರ್‌ನಿಂದ ಉಚಿತವಾಗಿದ್ದರೂ, ಪ್ರೈಮ್ ಎಂಬ ದರ್ಜೆಯನ್ನು ಹಣ ಕೊಟ್ಟು ಪಡೆಯಬೇಕಿತ್ತು. ಇದನ್ನು ಗಮನದಲ್ಲಿಟ್ಟುಕೊಂಡೇ ವಾಲ್ವ್ ಹಣ ಮರಳಿಸುವ ಒಂದು ವ್ಯವಸ್ಥೆ ಮಾಡಿತು: ಆಟದ ಪ್ರಕಟಣೆಯ ದಿನದಿಂದ ಬಿಡುಗಡೆಯ ದಿನದವರೆಗೆ ಪ್ರೈಮ್ ಕೊಂಡವರು, ತಮ್ಮ ಆಟದ ಹೆಚ್ಚಿನ ಸಮಯವನ್ನು ಮ್ಯಾಕ್‌ನಲ್ಲೇ ಕಳೆದಿದ್ದರೆ, ಡಿಸೆಂಬರ್ 1ರೊಳಗೆ ಹಣ ವಾಪಸು ಕೇಳಬಹುದು. ನ್ಯಾಯವಾದ ಕ್ರಮವೇ, ಆದರೆ ಇಕ್ಕಟ್ಟಾದದ್ದು. 2012ರಿಂದ 2018ರವರೆಗೆ ಬೆಲೆ ಕೊಟ್ಟು ಆಟವನ್ನೇ ಕೊಂಡಿದ್ದ ಮ್ಯಾಕ್ ಬಳಕೆದಾರನಿಗೆ ಅದರಲ್ಲಿ ಪಾಲಿರಲಿಲ್ಲ. ಹಲವು ವರ್ಷ ಆಡಿದ್ದಾನಲ್ಲ ಎಂಬುದು ಅದರ ಹಿಂದಿನ ತರ್ಕವಿರಬೇಕು.

ಸ್ಕಿನ್‌ಗಳ ವಿಷಯ ಇನ್ನೂ ವಿಚಿತ್ರ. 2013ರ ಆಗಸ್ಟ್‌ನಿಂದ ಈ ಆಟದಲ್ಲಿ ಬಂದೂಕು, ಚಾಕುಗಳಿಗೆ ಬಣ್ಣದ ಹೊದಿಕೆಗಳನ್ನು ಕೊಂಡು ಮಾರುವ ಸಂತೆಯೇ ನಡೆಯುತ್ತಿದೆ, ಮತ್ತು ಕೆಲವು ಸ್ಕಿನ್‌ಗಳ ಬೆಲೆ ಒಳ್ಳೆಯ ಲ್ಯಾಪ್‌ಟಾಪ್‌ನ ಬೆಲೆಯನ್ನೂ ಮೀರುತ್ತದೆ. ಅವೆಲ್ಲ ಹೊಸ ಆಟಕ್ಕೆ ಹಾಗೆಯೇ ಬಂದವು. ಮ್ಯಾಕ್ ಮಾತ್ರ ಇದ್ದವರ ಖಾತೆಯಲ್ಲೂ ಬಂದವು. ಸ್ಟೀಮ್ ಸಮುದಾಯ ಮಾರುಕಟ್ಟೆಯಲ್ಲಿ ಅವನ್ನು ಮಾರಬಹುದು, ಆದರೆ ಆಟದೊಳಗೆ ಕೈಯಲ್ಲಿ ಹಿಡಿದು ನೋಡುವಂತಿಲ್ಲ.

ಹಳೆಯ ಸಿಎಸ್‌ಗೋ ಪೂರ್ತಿ ಅಳಿಯಲಿಲ್ಲ. ಸ್ಟೀಮ್ ಲೈಬ್ರರಿಯಲ್ಲಿ ಆಟದ ಹೆಸರಿನ ಮೇಲೆ ಬಲಗಡೆಯ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಬೀಟಾಸ್ ಎಂಬ ಪುಟದಲ್ಲಿ ಸಿಎಸ್‌ಗೋ ಲೆಗಸಿ ಎಂಬುದನ್ನು ಆರಿಸಿಕೊಂಡರೆ ಸ್ಥಗಿತಗೊಳಿಸಿದ ಹಳೆಯ ಆವೃತ್ತಿ ಇಳಿಯುತ್ತದೆ. ಅದರಲ್ಲಿ ಅಧಿಕೃತ ಪಂದ್ಯ ಜೋಡಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ ಎಂದು ವಾಲ್ವ್ ಹೇಳಿತು. ಆ ಒಂದನ್ನು ಬಿಟ್ಟರೆ ಉಳಿಯುವುದೆಷ್ಟು ಎಂದು ಆಡುವವರನ್ನು ಕೇಳಬೇಕು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಆಡುವವರಿಗೆ ವಾಲ್ವ್‌ನ ಚೆನ್ನೈ ಮತ್ತು ಮುಂಬೈ ಸರ್ವರ್‌ಗಳೇ ಹತ್ತಿರ. ಪಿಂಗ್, ಅಂದರೆ ಸಂಕೇತ ಹೋಗಿಬರಲು ಹಿಡಿಯುವ ಸಮಯ, ಕಡಿಮೆಯಿರುವುದು ಅಲ್ಲೇ, ಹತ್ತು ಜನ ಕೂಡುವುದೂ ಅಲ್ಲೇ. ಲೆಗಸಿ ಆವೃತ್ತಿಯಲ್ಲಿ ಆ ಬಾಗಿಲು ಮುಚ್ಚಿದ್ದು, ಖಾಸಗಿಯಾಗಿ ಯಾರಾದರೂ ನಡೆಸುವ ಸಮುದಾಯ ಸರ್ವರ್‌ಗಳಷ್ಟೇ ಗತಿ. ಜೊತೆಗೆ 2024ರ ಜನವರಿ 1ರಿಂದ ಈ ಆವೃತ್ತಿಗೆ ಬೆಂಬಲವೂ ಇಲ್ಲವೆಂದೂ, ಸ್ಕಿನ್‌ಗಳ ಸಂಗ್ರಹ ತೆರೆಯುವುದೇ ಮೊದಲಾದ ಕೆಲವು ಸೌಲಭ್ಯಗಳು ಕೆಡಬಹುದೆಂದೂ ಕಂಪನಿ ಮೊದಲೇ ತಿಳಿಸಿತ್ತು.

ಶೇಕಡಾ 1 ಎಂಬ ಅಂಕಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದು ಮೂರು ಗುಂಪುಗಳ ಒಟ್ಟು ಲೆಕ್ಕ. ಅದರಲ್ಲಿ ಮ್ಯಾಕ್‌ನ ಪಾಲೆಷ್ಟೆಂದು ವಾಲ್ವ್ ಬಿಡಿಸಿ ಹೇಳಲಿಲ್ಲ. 2023ರ ಮೇ ತಿಂಗಳಿನಲ್ಲಿ ಸಿಎಸ್‌ಗೋವನ್ನು ಒಂದೇ ಹೊತ್ತಿನಲ್ಲಿ ಆಡುತ್ತಿದ್ದವರ ಸಂಖ್ಯೆ 18 ಲಕ್ಷ ದಾಟಿತ್ತು. ಇಂಥ ಆಟದಲ್ಲಿ ಶೇಕಡಾ 1ರ ಒಂದು ಭಾಗವೂ ಎಷ್ಟೋ ಸಣ್ಣ ಸ್ಟುಡಿಯೋಗಳ ಒಟ್ಟು ಗಿರಾಕಿಗಳಿಗಿಂತ ಹೆಚ್ಚಿನ ಜನ. ಇನ್ನೊಂದು, ಈ ಅಂಕಿ ಆಕಾಶದಿಂದ ಇಳಿದದ್ದಲ್ಲ. ಓಪನ್‌ಜಿಎಲ್ ನಿಂತದ್ದು, ಬೂಟ್ ಕ್ಯಾಂಪ್ ಹೋದದ್ದು, ಮ್ಯಾಕ್ ಆವೃತ್ತಿಗೆ ವಾಲ್ವ್ ಗಮನ ಕಡಿಮೆಯಾದದ್ದು, ಗಂಭೀರ ಆಟಗಾರರು ಸೇರುವ ಫೇಸ್‌ಇಟ್ ವೇದಿಕೆಯ ಮೋಸ ತಡೆಯುವ ತಂತ್ರಾಂಶ ವಿಂಡೋಸ್‌ಗೆ ಮಾತ್ರ ಇದ್ದದ್ದು, ಇವೆಲ್ಲ ಸೇರಿ ಒಬ್ಬೊಬ್ಬರನ್ನೇ ಮ್ಯಾಕ್‌ನಿಂದ ಹೊರಗೆ ಕಳಿಸಿದ ಮೇಲೆ ಉಳಿದವರನ್ನು ಎಣಿಸಿ ಬಂದ ಅಂಕಿ ಅದು. ಮ್ಯಾಕ್‌ನಲ್ಲಿ ಆಡುವವರಿಲ್ಲ ಎನ್ನುವಾಗ ಕಾರಣವನ್ನೂ ಪರಿಣಾಮವನ್ನೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಮಾತಾಡುತ್ತಿರುತ್ತೇವೆ.

ಹೀಗೆಂದ ಮಾತ್ರಕ್ಕೆ ಅಂಕಿ ಸುಳ್ಳಲ್ಲ. ಸ್ಟೀಮ್‌ನ ಮಾಸಿಕ ಸಮೀಕ್ಷೆಯಲ್ಲಿ 2023ರ ಜುಲೈನಲ್ಲಿ ಲಿನಕ್ಸ್ ಮ್ಯಾಕ್ ಅನ್ನು ಹಿಂದಿಕ್ಕಿತು. ಎರಡೂ ಶೇಕಡಾ 2ಕ್ಕಿಂತ ಕೆಳಗಿದ್ದವು. ಸಂಖ್ಯೆಯಲ್ಲಿ ಇಷ್ಟು ಹತ್ತಿರವಿದ್ದ ಎರಡು ವೇದಿಕೆಗಳಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟದ್ದೇಕೆ ಎಂಬುದಕ್ಕೆ ಉತ್ತರ ಸಂಖ್ಯೆಯಲ್ಲಿ ಸಿಗುವುದಿಲ್ಲ. 2022ರ ಫೆಬ್ರುವರಿಯಲ್ಲಿ ವಾಲ್ವ್ ಸ್ಟೀಮ್ ಡೆಕ್ ಎಂಬ ತನ್ನದೇ ಕೈಯಂತ್ರವನ್ನು ಮಾರಲಾರಂಭಿಸಿತ್ತು, ಅದು ಓಡುವುದು ಲಿನಕ್ಸ್‌ನಲ್ಲಿ. ಲಿನಕ್ಸ್‌ಗೆ ಮಾಡುವ ಕೆಲಸ ಅದರ ಸ್ವಂತ ಮನೆಯ ಕೆಲಸವಾಗಿತ್ತು. ಮ್ಯಾಕ್‌ಗೆ ಮಾಡುವುದು ಪರರ ಮನೆಯದು.

ಡೋಟಾ 2 ಹೇಳುವ ಸಾಕ್ಷ್ಯ

ಮ್ಯಾಕ್‌ನಲ್ಲಿ ಸೋರ್ಸ್ 2 ಎಂಜಿನ್ ಓಡಿಸುವುದೇ ಆಗದ ಮಾತೇ? ಅಲ್ಲ. ಅದೇ ವಾಲ್ವ್‌ನ ಡೋಟಾ 2 ಅದೇ ಸೋರ್ಸ್ 2ರ ಮೇಲೆ ನಿಂತ ಆಟ, ಮತ್ತು ಕೌಂಟರ್-ಸ್ಟ್ರೈಕ್ ಮ್ಯಾಕ್ ಬಿಟ್ಟ ಮೇಲೂ ಅದು ಮ್ಯಾಕ್‌ನಲ್ಲಿ ಮುಂದುವರಿಯಿತು. ವಲ್ಕನ್ ಆದೇಶಗಳನ್ನು ಮೆಟಲ್‌ಗೆ ಮುಟ್ಟಿಸುವ ಮೋಲ್ಟನ್‌ವಿಕೆ ಎಂಬ ಪದರವು 2018ರ ಫೆಬ್ರುವರಿಯಲ್ಲಿ ಮುಕ್ತ ಆಕರವಾದದ್ದರಲ್ಲಿ ವಾಲ್ವ್‌ನ ಪಾತ್ರವೇ ಇತ್ತು, ಮತ್ತು ಆ ವರ್ಷದ ಮಧ್ಯದಲ್ಲಿ ಡೋಟಾ 2 ಅದನ್ನು ಬಳಸಿ ಮ್ಯಾಕ್‌ನಲ್ಲಿ ಓಪನ್‌ಜಿಎಲ್‌ಗಿಂತ ವೇಗವಾಗಿ ಓಡಿತು. ಅಂದರೆ ದಾರಿ ಇತ್ತು, ದಾರಿಯನ್ನು ಮಾಡಿದವರೂ ಅವರೇ, ಅದರ ಮೇಲೆ ಐದು ವರ್ಷ ನಡೆದ ಅನುಭವವೂ ಅವರಿಗಿತ್ತು.

ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಮುಖ್ಯ ಸಾಕ್ಷ್ಯ ಇದು. ಮ್ಯಾಕ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಇಲ್ಲದಿರುವುದು ತಾಂತ್ರಿಕ ಅಸಾಧ್ಯತೆಯಿಂದಲ್ಲ, ಖರ್ಚು ಮತ್ತು ಆದ್ಯತೆಯ ತೀರ್ಮಾನದಿಂದ. ಆದರೂ ಡೋಟಾ ಮತ್ತು ಕೌಂಟರ್-ಸ್ಟ್ರೈಕ್ ಒಂದೇ ಬಗೆಯ ಆಟಗಳಲ್ಲ ಎಂಬುದನ್ನು ವಾಲ್ವ್ ಪರವಾಗಿ ಹೇಳಬೇಕು. ಡೋಟಾವನ್ನು ಮೇಲಿನಿಂದ ನೋಡುತ್ತ ಆಡುತ್ತಾರೆ; ಸೆಕೆಂಡಿಗೆ 60 ಫ್ರೇಮ್ ಸಿಕ್ಕಿದರೆ ಯಾರೂ ಗೊಣಗುವುದಿಲ್ಲ. ಕೌಂಟರ್-ಸ್ಟ್ರೈಕ್‌ನಲ್ಲಿ ಮೂಲೆಯಿಂದ ಇಣುಕಿದವನ ತಲೆಗೆ ಗುರಿಯಿಡಲು ಸಿಗುವುದು ಸೆಕೆಂಡಿನ ಒಂದು ತುಣುಕು. ಆಟಗಾರರು 144, 240 ಹರ್ಟ್ಸ್ ಮಾನಿಟರ್‌ಗಳನ್ನು ಕೊಳ್ಳುವುದು ಆ ತುಣುಕಿಗಾಗಿ. ನಡುವೆ ಒಂದು ಅನುವಾದದ ಪದರವಿದ್ದು ಒಮ್ಮೊಮ್ಮೆ ಆಟ ತಡವರಿಸಿದರೆ ಅದು ಆಟವೇ ಅಲ್ಲ ಎಂದು ಅವರು ಹೇಳುತ್ತಾರೆ, ಮತ್ತು ಅವರ ಮಾತು ಸರಿ. ಮೋಲ್ಟನ್‌ವಿಕೆ ಬೇಡವೆಂದರೆ ಮೆಟಲ್‌ಗೆ ನೇರವಾಗಿ ಬರೆಯಬೇಕು, ಅದಕ್ಕೆ ತಂಡ ಬೇಕು, ಆ ತಂಡ ಆಟ ಇರುವಷ್ಟು ಕಾಲ ಇರಬೇಕು.

ಅದೇ ವರ್ಷ ಬಂದ ಆಟಗಳು

ಕೌಂಟರ್-ಸ್ಟ್ರೈಕ್ ಮ್ಯಾಕ್ ಬಿಟ್ಟ 2023 ಮ್ಯಾಕ್ ಗೇಮಿಂಗ್‌ಗೆ ಕೆಟ್ಟ ವರ್ಷವಾಗಿರಲಿಲ್ಲ. ಜೂನ್‌ನಲ್ಲಿ ಆಪಲ್ ತನ್ನ ಡೆವಲಪರ್ ಸಮ್ಮೇಳನದಲ್ಲಿ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಅನ್ನು ಪ್ರಕಟಿಸಿತು. ವಿಂಡೋಸ್ ಆಟವನ್ನು ಮ್ಯಾಕ್‌ನಲ್ಲಿ ಹಾಗೆಯೇ ಓಡಿಸಿ, ಪೋರ್ಟ್ ಮಾಡಿದರೆ (ಮ್ಯಾಕ್‌ಗೆ ಹೊಂದಿಸಿ ಬರೆದರೆ) ಹೇಗಿರಬಹುದೆಂದು ಮೊದಲೇ ಅಂದಾಜು ಮಾಡಲು ಅದು ನೆರವಾಗುತ್ತದೆ. ಅದೇ ವೇದಿಕೆಯಲ್ಲಿ ಜಪಾನಿನ ಆಟ ನಿರ್ದೇಶಕ ಹಿಡಿಯೊ ಕೊಜಿಮಾ ತಮ್ಮ ಡೆತ್ ಸ್ಟ್ರ್ಯಾಂಡಿಂಗ್ ಆಟ ಮ್ಯಾಕ್‌ಗೆ ಬರುವುದೆಂದು ಹೇಳಿದರು. ಹಿಂದಿನ ವರ್ಷವೇ ರೆಸಿಡೆಂಟ್ ಈವಿಲ್ ವಿಲೇಜ್ ಬಂದಿತ್ತು. ಕೌಂಟರ್-ಸ್ಟ್ರೈಕ್ 2 ಬಂದ ಸೆಪ್ಟೆಂಬರ್‌ನಲ್ಲೇ, ಆ ವರ್ಷದ ಅತಿ ಹೆಚ್ಚು ಮಾತಾದ ಆಟವಾದ ಬಾಲ್ಡರ್ಸ್ ಗೇಟ್ 3ರ ಪೂರ್ಣ ಆವೃತ್ತಿಯೂ ಮ್ಯಾಕ್‌ಗೆ ಬಂದಿತು.

ಒಂದು ಬಗೆಯ ದೊಡ್ಡ ಆಟಗಳು ಮ್ಯಾಕ್‌ಗೆ ಬರುತ್ತಿದ್ದ ಹೊತ್ತಿನಲ್ಲೇ ಇನ್ನೊಂದು ಬಗೆಯವು ಹೋಗುತ್ತಿದ್ದವು. ಬಂದವುಗಳಲ್ಲಿ ಹೆಚ್ಚಿನವು ಒಬ್ಬರೇ ಕೂತು ಆಡಿ ಮುಗಿಸುವ ಆಟಗಳು. ಅವನ್ನು ಪೋರ್ಟ್ ಮಾಡುವುದಕ್ಕೆ ಒಂದು ಕೊನೆಯಿದೆ: ತಂಡ ಕೂಡುತ್ತದೆ, ಕೆಲಸ ಮುಗಿಯುತ್ತದೆ, ಕೆಲವು ತಿದ್ದುಪಡಿಗಳ ನಂತರ ತಂಡ ಬೇರೆ ಕೆಲಸಕ್ಕೆ ಹೋಗುತ್ತದೆ. ಆನ್‌ಲೈನ್ ಸ್ಪರ್ಧೆಯ ಆಟಕ್ಕೆ ಕೊನೆಯಿಲ್ಲ. ಪ್ರತಿ ಅಪ್‌ಡೇಟ್ ಎಲ್ಲ ವೇದಿಕೆಗಳಿಗೂ ಒಂದೇ ದಿನ ಹೋಗಬೇಕು, ಇಲ್ಲದಿದ್ದರೆ ಒಂದೇ ಪಂದ್ಯದಲ್ಲಿ ಇಬ್ಬರು ಕೂಡಲಾಗದು. ಮೋಸ ತಡೆಯುವ ವ್ಯವಸ್ಥೆಯನ್ನು ಪ್ರತಿ ವೇದಿಕೆಗೂ ಬೇರೆಯಾಗಿ ಕಾಯಬೇಕು. ಸೈಓನಿಕ್ಸ್‌ನ ರಾಕೆಟ್ ಲೀಗ್ 2020ರ ಮಾರ್ಚ್‌ನಲ್ಲಿ ಮ್ಯಾಕ್ ಮತ್ತು ಲಿನಕ್ಸ್ ಎರಡನ್ನೂ ಬಿಟ್ಟದ್ದು ಡೈರೆಕ್ಟ್‌ಎಕ್ಸ್ 9ರಿಂದ 11ಕ್ಕೆ ಹೋಗುವಾಗ, ಅಂದರೆ ಸರಿಯಾಗಿ ಇಂಥದೇ ನವೀಕರಣದ ಹೊತ್ತಿನಲ್ಲಿ. ಕೌಂಟರ್-ಸ್ಟ್ರೈಕ್‌ನಂಥದೇ ಆಟವಾದ ವ್ಯಾಲರಂಟ್ ಮ್ಯಾಕ್‌ಗೆ ಬರಲೇ ಇಲ್ಲ. ಫೋರ್ಟ್‌ನೈಟ್ ಹೋದದ್ದು ಬೇರೆ ಕಾರಣಕ್ಕೆ, ಅದರ ತಯಾರಕ ಎಪಿಕ್ ಮತ್ತು ಆಪಲ್ ನಡುವಣ ವ್ಯಾಜ್ಯಕ್ಕೆ. ಅದನ್ನು ಈ ಪಟ್ಟಿಗೆ ಸೇರಿಸುವುದು ಸರಿಯಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಬ್ಲಿಜರ್ಡ್‌ನ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2020ರ ನವೆಂಬರ್‌ನಲ್ಲಿ, ಎಂ1 ಮ್ಯಾಕ್‌ಗಳು ಮಾರಾಟಕ್ಕೆ ಬಂದ ಅದೇ ವಾರದಲ್ಲಿ, ಆ ಚಿಪ್‌ಗೆಂದೇ ಸಿದ್ಧಪಡಿಸಿದ ಆವೃತ್ತಿಯನ್ನು ಕೊಟ್ಟಿತು. ಅದು ತಿಂಗಳ ಚಂದಾ ಕಟ್ಟಿ ಆಡುವ ಆಟ. ಪ್ರತಿ ಮ್ಯಾಕ್ ಆಟಗಾರನೂ ತಿಂಗಳು ತಿಂಗಳು ಹಣ ಕೊಡುತ್ತಾನೆ. ಅದೇ ಬ್ಲಿಜರ್ಡ್‌ನ ಓವರ್‌ವಾಚ್ ಎಂದೂ ಮ್ಯಾಕ್‌ಗೆ ಬರಲಿಲ್ಲ ಎಂಬುದನ್ನು ಗಮನಿಸಿದರೆ, ಕಂಪನಿಯ ಮ್ಯಾಕ್ ಪ್ರೀತಿಗಿಂತ ಆಟದ ಆದಾಯದ ಬಗೆಯೇ ಹೆಚ್ಚು ಮಾತಾಡುತ್ತದೆ ಎನ್ನಿಸುತ್ತದೆ.

ಉಳಿದ ದಾರಿಗಳು

ಇಂಟೆಲ್ ಮ್ಯಾಕ್ ಇದ್ದವರು ಬೂಟ್ ಕ್ಯಾಂಪ್‌ನಲ್ಲಿ ವಿಂಡೋಸ್ ಹಾಕಿಕೊಂಡು ಆಡಬಹುದಿತ್ತು, ಯಂತ್ರ ತಾಳುವಷ್ಟು ದಿನ. ಹೊಸ ಚಿಪ್‌ನವರಿಗೆ ಕ್ರಾಸ್‌ಓವರ್ ಎಂಬ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಿದೆ; ವಿಂಡೋಸ್ ಪ್ರೋಗ್ರಾಂಗಳನ್ನು ಬೇರೆ ವ್ಯವಸ್ಥೆಗಳಲ್ಲಿ ಓಡಿಸುವ ವೈನ್ ಯೋಜನೆಯ ಮೇಲೆ ಕಟ್ಟಿದ ಅದರ ಮೂಲಕ ವಿಂಡೋಸ್‌ನ ಸ್ಟೀಮ್ ಅನ್ನೇ ಮ್ಯಾಕ್‌ನಲ್ಲಿ ತೆರೆದು ಕೌಂಟರ್-ಸ್ಟ್ರೈಕ್ 2 ಆಡಿದವರಿದ್ದಾರೆ. ವಾಲ್ವ್ ಇದಕ್ಕೆ ಯಾವ ಬೆಂಬಲವನ್ನೂ ಘೋಷಿಸಿಲ್ಲ, ಆದ್ದರಿಂದ ಒಂದು ಅಪ್‌ಡೇಟ್ ಬಂದು ಆಟ ತೆರೆಯದಿದ್ದರೆ ಯಾರನ್ನೂ ಕೇಳುವಂತಿಲ್ಲ. ದೂರದ ಸರ್ವರ್‌ನಲ್ಲಿ ಆಟ ಓಡಿಸಿ ಚಿತ್ರವನ್ನು ಮಾತ್ರ ಮನೆಗೆ ತರಿಸುವ ಎನ್ವಿಡಿಯಾದ ಜಿಫೋರ್ಸ್ ನೌ ಸೇವೆಯನ್ನು ಅಮೆರಿಕ, ಯೂರೋಪಿನ ಮ್ಯಾಕ್ ಬಳಕೆದಾರರು ಉತ್ತರವಾಗಿ ಸೂಚಿಸುತ್ತಿದ್ದರು; 2023ರಲ್ಲಿ ಆ ಸೇವೆ ಭಾರತದಲ್ಲಿ ಇರಲಿಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಇಲ್ಲಿ ಅನೇಕರ ಕೈಯಲ್ಲಿರುವ ಮ್ಯಾಕ್‌ಬುಕ್ ಅವರು ಕೊಂಡದ್ದಲ್ಲ, ಸಾಫ್ಟ್‌ವೇರ್ ಕಂಪನಿ ಕೊಟ್ಟದ್ದು. ಅದರಲ್ಲಿ ಸ್ಟೀಮ್ ಹಾಕಲು ಅನುಮತಿಯೇ ಇರುವುದಿಲ್ಲ. ಮ್ಯಾಕ್‌ಗಳ ಮಾರಾಟ ಏರಿದೆ ಎಂದು ಓದಿ ಮ್ಯಾಕ್ ಗೇಮರ್‌ಗಳೂ ಅಷ್ಟೇ ಏರಿದ್ದಾರೆಂದು ಲೆಕ್ಕ ಹಾಕುವವರು ಈ ಯಂತ್ರಗಳನ್ನು ಕಳೆದು ಎಣಿಸುವುದು ಒಳ್ಳೆಯದು. ಸ್ವಂತ ದುಡ್ಡಿನಲ್ಲಿ ಮ್ಯಾಕ್ ಕೊಂಡು ಅದರಲ್ಲೇ ಕೌಂಟರ್-ಸ್ಟ್ರೈಕ್ ಆಡುತ್ತಿದ್ದವರು ಹೆಚ್ಚಾಗಿ ವಿದ್ಯಾರ್ಥಿಗಳು, ವಿನ್ಯಾಸಕಾರರು, ವಿಡಿಯೋ ಸಂಕಲನಕಾರರು. ಅವರ ಮುಂದೆ ಉಳಿದದ್ದು ಆಟ ಬಿಡುವುದು ಅಥವಾ ಎರಡನೆಯ ಯಂತ್ರ ಕೊಳ್ಳುವುದು. ಆಡಲು ಒಂದು ಅಗ್ಗದ ವಿಂಡೋಸ್ ಡೆಸ್ಕ್‌ಟಾಪ್, ಕೆಲಸಕ್ಕೆ ಮ್ಯಾಕ್ ಎಂಬ ವಿಂಗಡಣೆ ಹಲವು ಮನೆಗಳಲ್ಲಿ ಈಗ ಸಹಜವಾಗಿದೆ.

ಈಗಿನ ಸ್ಥಿತಿ

2025ರಲ್ಲಿ ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್ ಬಿಡುಗಡೆಯ ದಿನವೇ ಮ್ಯಾಕ್‌ಗೂ ಬಂದಿತು. ಜುಲೈನಲ್ಲಿ ಸೈಬರ್‌ಪಂಕ್ 2077 ಬಂದಿತು. ಗ್ರಾಫಿಕ್ಸ್ ಭಾರ ಎಂಬ ಮಾತಿಗೆ ಸೈಬರ್‌ಪಂಕ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದನ್ನು ಹೊರುವ ಯಂತ್ರ ಕೌಂಟರ್-ಸ್ಟ್ರೈಕ್ ಅನ್ನು ಹೊರಲಾರದೆಂದು ಇನ್ನು ಯಾರೂ ವಾದಿಸಲಾರರು. ಅದೇ ವರ್ಷದ ಜೂನ್‌ನಲ್ಲಿ ವಾಲ್ವ್ ಆಪಲ್ ಚಿಪ್‌ಗೆ ನೇರವಾಗಿ ಸಿದ್ಧಪಡಿಸಿದ ಸ್ಟೀಮ್ ಕ್ಲೈಂಟ್‌ನ ಪರೀಕ್ಷಾ ಆವೃತ್ತಿಯನ್ನು ಹೊರತಂದಿತು, ಎಂ1 ಬಂದು ನಾಲ್ಕೂವರೆ ವರ್ಷದ ಮೇಲೆ. ನವೆಂಬರ್‌ನಲ್ಲಿ ಪ್ರಕಟಿಸಿದ ಸ್ಟೀಮ್ ಫ್ರೇಮ್ ಎಂಬ ಹೆಡ್‌ಸೆಟ್ ಎಆರ್‌ಎಂ ಚಿಪ್ ಮೇಲೆ ಲಿನಕ್ಸ್ ಓಡಿಸುತ್ತದೆ, ಮತ್ತು ಇಂಟೆಲ್ ಮಾದರಿಯ ಚಿಪ್‌ಗಳಿಗೆ ಬರೆದ ಆಟಗಳನ್ನು ಅದರಲ್ಲಿ ಓಡಿಸಲು ಬೇಕಾದ ಪದರದ ಮೇಲೆ ಕಂಪನಿಯೇ ಹಣ ಹಾಕುತ್ತಿದೆ. ಚಿಪ್‌ನ ಭೇದ ವಾಲ್ವ್‌ಗೆ ಇನ್ನು ಅಡ್ಡಿಯಲ್ಲ; ಮ್ಯಾಕ್ ಮತ್ತು ಆ ಆಟದ ನಡುವೆ ಉಳಿದಿರುವುದು ಮೆಟಲ್ ಮತ್ತು ಆ ಶೇಕಡಾ 1. ಕೌಂಟರ್-ಸ್ಟ್ರೈಕ್ 2ರ ಅಂಗಡಿ ಪುಟದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಮಾತ್ರ ಇವೆ.

ಲೆಗಸಿ ಸಿಎಸ್‌ಗೋ ಇಂಟೆಲ್‌ಗೆ ಬರೆದ ತಂತ್ರಾಂಶವಾದ್ದರಿಂದ ಹೊಸ ಮ್ಯಾಕ್‌ಗಳಲ್ಲಿ ಅದರ ಆಯುಸ್ಸು ರೊಸೆಟಾ 2ರ ಆಯುಸ್ಸಿಗೆ ಕಟ್ಟಿಬಿದ್ದಿದೆ. ರೊಸೆಟಾ ಪೂರ್ಣರೂಪದಲ್ಲಿ ಮ್ಯಾಕ್‌ಓಎಸ್ 27ರವರೆಗೆ ಇರುವುದೆಂದೂ, ಆಮೇಲೆ ಅದರ ಒಂದು ಭಾಗವನ್ನು ಯಾರೂ ನಿರ್ವಹಿಸದ ಹಳೆಯ ಆಟಗಳಿಗಾಗಿ ಮಾತ್ರ ಉಳಿಸಿಕೊಳ್ಳಲಾಗುವುದೆಂದೂ ಆಪಲ್ 2025ರ ಜೂನ್‌ನಲ್ಲಿ ತಿಳಿಸಿತು. 2024ರ ಜನವರಿ 1ರಿಂದ ಸಿಎಸ್‌ಗೋವನ್ನು ಯಾರೂ ನಿರ್ವಹಿಸುತ್ತಿಲ್ಲವಾದ್ದರಿಂದ ಆ ವಿನಾಯಿತಿ ಅದಕ್ಕೂ ಅನ್ವಯಿಸಬಹುದು.